ಎಣ್ಣೆ ಬಿಡಿಸೋಕೆ ಎಂಟು ದಿನ, ಆಮೇಲಿನದು ಊರಿನ ಕೆಲಸ

ನಾಟಿ, ಕಬ್ಬಿನ ಕಟಾವು ಬಂತಂದ್ರೆ ಕೂಲಿ ಜೊತೆ ಕ್ವಾರ್ಟರ್ ಕೊಡೋದು ಎಷ್ಟೋ ಊರಲ್ಲಿ ಮಾಮೂಲಾಗಿದೆ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧ ಆಯ್ತು. ಪ್ಯಾಕೆಟ್ ಹೋಯ್ತು, ಕುಡಿತ ಹೋಗಲಿಲ್ಲ. ನಂಜನಗೂಡು, ತಿ. ನರಸೀಪುರ ಕಡೆಯ ಯುವ ರೈತರೇ, ಮನೆಯಲ್ಲಿ ಅಪ್ಪನೋ ಅಣ್ಣನೋ ದಿನಾ ಕುಡಿಯೋರಿದ್ರೆ ಇದನ್ನು ಪೂರ್ತಿ ಓದಿ.

ಏಕಾಏಕಿ ಬಿಡಿಸಬೇಡಿ

ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ದಿಢೀರನೆ ನಿಲ್ಲಿಸಿದ್ರೆ ಕೈ ನಡುಕ, ಬೆವರು, ನಿದ್ದೆ ಇಲ್ಲದಿರೋದು ಶುರುವಾಗುತ್ತೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣೋದು, ಅಸಂಬದ್ಧ ಮಾತು ಶುರುವಾಗಬಹುದು. ಇದು ಗಾಳಿ, ದೆವ್ವ ಅಲ್ಲ, ಪ್ರಾಣಕ್ಕೆ ಅಪಾಯ. ತಕ್ಷಣ 108ಕ್ಕೆ ಫೋನ್ ಮಾಡಿ. ರೂಮಿಗೆ ಹಾಕಿ ಬೀಗ ಹಾಕೋದಂತೂ ಬೇಡವೇ ಬೇಡ. ಡಾಕ್ಟರ್ ಕೊಡೋ ಮಾತ್ರೆ, ವಿಟಮಿನ್ ಬಿ1 ಇದ್ರೆ ಈ ಹಂತವನ್ನು ಸುರಕ್ಷಿತವಾಗಿ ದಾಟಬಹುದು.

ಗುಟ್ಟಾಗಿ ಪುಡಿ ಬೆರೆಸಬೇಡಿ

ಸಾರಲ್ಲಿ, ಕಾಫಿಯಲ್ಲಿ ಗೊತ್ತಾಗದಂಗೆ ಹಾಕೋ 'ಕುಡಿತ ಬಿಡಿಸೋ ಪುಡಿ'ಯಲ್ಲಿ ಡೈಸಲ್ಫಿರಾಮ್ ಇರಬಹುದು. ಅದರ ಮೇಲೆ ಕುಡಿದ್ರೆ ಬಿಪಿ ಕುಸಿದು, ಉಸಿರು ಕಟ್ಟಿ ಜೀವವೇ ಹೋಗಬಹುದು. ರೋಗಿಗೆ ತಿಳಿಸಿ, ಅವರು ಒಪ್ಪಿದ ಮೇಲೆ ವೈದ್ಯರೇ ಕೊಡಬೇಕಾದ ಔಷಧಿ ಅದು.

ಊರಲ್ಲೇ ಶಿಬಿರ

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ರಾಜ್ಯದ ತಾಲ್ಲೂಕುಗಳಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸುತ್ತವೆ. ಊರಿನವರೇ ವ್ಯವಸ್ಥಾಪನಾ ಸಮಿತಿ ಮಾಡಿಕೊಂಡು ಕಲ್ಯಾಣ ಮಂಟಪದಂಥ ಜಾಗದಲ್ಲಿ ನಡೆಸ್ತಾರೆ. ಶಿಬಿರಾರ್ಥಿಗಳು ಅಲ್ಲೇ ಉಳಿದುಕೊಳ್ತಾರೆ. ಮನೆಯವರಿಗೂ ಕೌನ್ಸೆಲಿಂಗ್ ಇರುತ್ತೆ. ನಿಮ್ಮ ಭಾಗದಲ್ಲಿ ಮುಂದಿನ ಶಿಬಿರ ಯಾವಾಗ ಅಂತ ಸಂಘದ ಸೇವಾಪ್ರತಿನಿಧಿ ಹತ್ರ ಕೇಳಿ. ಲಿವರ್ ತೊಂದರೆ, ಫಿಟ್ಸ್ ಇರೋರನ್ನು ಮೊದಲು ಆಸ್ಪತ್ರೆಗೇ ತೋರಿಸಿ.

ಒಂಬತ್ತನೇ ದಿನ

ಅಸಲಿ ಕಷ್ಟ ಇಲ್ಲಿಂದ ಶುರು. ಅದೇ ಊರು, ಅದೇ ಗೆಳೆಯರು, ಅದೇ ಸಾಲ. ಅದಕ್ಕೇ ಶಿಬಿರ ಮುಗಿಸಿದವರು ನವಜೀವನ ಸಮಿತಿ ಅಂತ ಸೇರಿ ವಾರಕ್ಕೊಮ್ಮೆ ಕೂತು ಮಾತಾಡ್ತಾರೆ. ಕಳೆ ಒಂದು ಸಲ ಕಿತ್ತರೆ ಮುಗಿಯಲ್ಲ ಅನ್ನೋದು ರೈತರಿಗೆ ಗೊತ್ತೇ ಇದೆ. ಮತ್ತೆ ಒಂದು ದಿನ ಕುಡಿದ್ರೆ "ಇವನ ಹಣೆಬರಹ ಇಷ್ಟೇ" ಅನ್ನಬೇಡಿ. ಅದು ಕಾಯಿಲೆ ಮರುಕಳಿಸಿದ್ದು. ಮಾರನೇ ದಿನವೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.

ಈ ವಾರ ನೀವು ಮಾಡಬಹುದಾದ್ದು

- ಕೂಲಿಯನ್ನು ದುಡ್ಡಲ್ಲೇ ಕೊಡಿ, ಆದ್ರೆ ಮನೆಯವರ ಖಾತೆಗೆ ಹಾಕಿ ಅಂತ ಅವರನ್ನೇ ಕೇಳಿ ಒಪ್ಪಿಸಿ. ಬಾಟಲಿ ಕೊಡಬೇಡಿ.
- ಬಿಟ್ಟವರನ್ನು ಬೀಗರೂಟದಲ್ಲಿ "ಒಂದೇ ಪೆಗ್" ಅಂತ ಬಲವಂತ ಮಾಡಬೇಡಿ.
- ಕೀಟನಾಶಕವನ್ನು ಬೀಗ ಹಾಕಿಡಿ. ಕುಡಿದ ಮತ್ತಲ್ಲಿ, ಬೇಜಾರಲ್ಲಿ ಕೈಗೆ ಸಿಗಬಾರದು.
- ಈ ಎರಡು ನಂಬರ್ ಸೇವ್ ಮಾಡ್ಕೊಳ್ಳಿ: 14446 (ವ್ಯಸನಮುಕ್ತಿ ಸಹಾಯವಾಣಿ), 14416 (ಟೆಲಿ ಮಾನಸ್, ಹಗಲು ರಾತ್ರಿ, ಕನ್ನಡದಲ್ಲೂ). ಎರಡೂ ಉಚಿತ.

ಕುಡಿಯೋರು ಇನ್ನೂ ಒಪ್ಪಿಲ್ಲ ಅಂದ್ರೂ ಪರವಾಗಿಲ್ಲ. ಮೊದಲ ಫೋನ್ ಮನೆಯವರೇ ಮಾಡಬಹುದು.