ಥೇರಾ: ಬಾಗಿಲು ದಿನಕ್ಕೊಂದೆಡೆ ತೆರೆಯುವ ಊರು

ಊರೆಂದಮೇಲೆ ಅದಕ್ಕೊಂದು ಹೆಬ್ಬಾಗಿಲಿರುವುದೂ, ಆ ಹೆಬ್ಬಾಗಿಲು ನಿನ್ನೆ ಇದ್ದೆಡೆಯಲ್ಲಿಯೇ ಇಂದೂ ಇರುವುದೂ ಲೋಕರೂಢಿ. ಥೇರಾ ಎಂಬ ನಕ್ಷತ್ರಮಂಡಲಕ್ಕೆ ಈ ರೂಢಿಯ ಹಂಗಿಲ್ಲ. ಅದರ ಬಾಗಿಲುಗಳು ವರ್ಮ್‌ಹೋಲ್ ಎಂಬ ಹೆಸರಿನ, ಆಕಾಶದಲ್ಲಿ ತಾವಾಗಿಯೇ ಬಾಯ್ತೆರೆಯುವ ಸುರಂಗಗಳು. ಕೆಲವು ಗಂಟೆಗಳ ಕಾಲ ಬಾಳಿ, ಅಥವಾ ಹಾದುಹೋಗುವ ನೌಕೆಗಳ ಭಾರವನ್ನು ತಾಳಲಾರದೆ ಅದಕ್ಕೂ ಮುಂಚೆಯೇ ಕುಸಿದು, ಮತ್ತೆ ಮತ್ತೆಲ್ಲಿಯೋ ಹುಟ್ಟುವಂಥವು. ‘ಈವ್ ಆನ್‌ಲೈನ್’ ಎಂಬ ಬಾಹ್ಯಾಕಾಶದ ಆಟದೊಳಗಿನ ಈ ಊರಿಗೆ ನಾನು ಹೋದದ್ದು ಒಂದೇ ಒಂದು ಭಾನುವಾರದ ಸಂಜೆ, ಅದೂ ಅಕ್ಕನ ಮಗನ ಬೆನ್ನ ಹಿಂದೆ ಕುರ್ಚಿ ಎಳೆದುಕೊಂಡು. ಎಂಟು ವರ್ಷಗಳಿಂದ ಆ ಆಕಾಶದಲ್ಲಿ ಅಲೆಯುತ್ತಿರುವ ಅವನಿಗೆ ಮಾತು ತುಸು ಹೆಚ್ಚು. ಆದಕಾರಣ ಇಲ್ಲಿಯೂ ಅವನ ಮಾತೇ ಹೆಚ್ಚಾಗಿ ಬಂದಿದ್ದರೆ ವಾಚಕರು ಮನ್ನಿಸಬೇಕು.

ಇತಿಹಾಸವನ್ನು ಬೇಗ ಹೇಳಿ ಮುಗಿಸುವೆನು. ಐಸ್‌ಲೆಂಡ್ ದೇಶದ ರೇಕ್ಯಾವಿಕ್ ನಗರದ ಸಿಸಿಪಿ ಸಂಸ್ಥೆಯು ಈ ಆಟವನ್ನು ಹೊರತಂದದ್ದು 2003ನೆಯ ಇಸವಿಯ ಮೇ 6ರಂದು. ನಕ್ಷೆಗೆ ಸಿಕ್ಕದ ಸುಮಾರು 2,500 ಸುರಂಗಲೋಕಗಳು ಅದಕ್ಕೆ ಸೇರಿದ್ದು 2009ರ ಮಾರ್ಚ್‌ನಲ್ಲಿ. ಥೇರಾ ಕಾಣಿಸಿಕೊಂಡದ್ದು 2014ರ ಡಿಸೆಂಬರಿನಲ್ಲಿ. ಥೇರಾ ಎಂಬುದು ಗ್ರೀಸಿನ ಸ್ಯಾಂಟೊರಿನಿ ದ್ವೀಪದ ಪ್ರಾಚೀನ ನಾಮ. ಅಗ್ನಿಪರ್ವತ ಸಿಡಿದು ಒಡಲು ಬಿರಿದ ಆ ದ್ವೀಪದಂತೆಯೇ ಇಲ್ಲಿನ ಗ್ರಹಗಳೂ ಒಡೆದು ಹೋಳಾಗಿ ತೇಲುತ್ತಿವೆ. ತಂಗಲು ನಾಲ್ಕು ನಿಲ್ದಾಣಗಳುಂಟು, ಮಿಕ್ಕದ್ದೆಲ್ಲ ಬಯಲು.

ನಿಲ್ದಾಣದೊಳಗಿರುವ ತನಕ ಯಾರೂ ಏನೂ ಮಾಡಲಾರರು. ಹೊಸಿಲು ದಾಟಿದೆವೋ, ರಕ್ಷಕಭಟರಿಲ್ಲದ ಸೀಮೆ. ಆಟದ ನಾಗರಿಕ ಭಾಗಗಳಲ್ಲಿ ಕಾಂಕಾರ್ಡ್ ಎಂಬ ಆರಕ್ಷಕಪಡೆಯುಂಟು. ಅದಾದರೂ ಅಪರಾಧ ನಡೆದ ಮೇಲೆ ಬಂದು ಅಪರಾಧಿಯನ್ನು ಸುಡುವುದೇ ಹೊರತು ಬಲಿಯಾದವನನ್ನು ಉಳಿಸುವುದಿಲ್ಲವೆಂದು ಕೇಳಿ, ನಮ್ಮ ಲೋಕಕ್ಕೂ ಅದಕ್ಕೂ ಅಂಥ ದೂರವೇನಿಲ್ಲವೆಂದುಕೊಂಡೆ. ಅಲ್ಲೆಲ್ಲ ಒಂದು ಮಂಡಲದಲ್ಲಿ ಯಾರು ಯಾರಿದ್ದಾರೆಂಬುದು ಪರದೆಯ ಅಂಚಿನಲ್ಲಿ ಹೆಸರು ಹೆಸರಾಗಿ ಕಾಣುತ್ತದೆ. ಥೇರಾದಲ್ಲಿಯಾದರೋ ತಾನಾಗಿ ಬಾಯಿ ಬಿಟ್ಟವನ ಹೆಸರು ಮಾತ್ರ ಕಾಣುವುದು; ಮೌನವಾಗಿರುವವನು ಇಲ್ಲದವನಿಗೆ ಸಮಾನ. ಕೇಡು ಬಗೆದು ಬಂದವನು ಮಾತನಾಡುವನೇ?

“ಹಾಗಾದರೆ ತಿಳಿಯುವುದು ಹೇಗಯ್ಯ?” ಎಂದೆ.

“ಇದನ್ನ ಒತ್ತುತ್ತಾ ಇರೋದು ಮಾವ,” ಎಂದು ಕೀಲಿಮಣೆಯ ಮೇಲೊಂದು ಗುಂಡಿಯನ್ನು ತೋರಿಸಿದ. ವಿ ಎಂಬ ಆಂಗ್ಲಾಕ್ಷರ ಅಲ್ಲಿ ಇದ್ದಿರಬೇಕು. ಈಗ ಸವೆದು ನುಣುಪಾದ ಬೋಳು ಮಾತ್ರ ಉಳಿದಿತ್ತು. ಡೀ-ಸ್ಕ್ಯಾನ್ ಎಂದು ಅವರು ಕರೆಯುವ ಈ ದಿಕ್‌ಶೋಧಕವು ಒಂದೊಂದು ಒತ್ತಿಗೂ ಸುಮಾರು 214 ಕೋಟಿ ಕಿಲೊಮೀಟರುಗಳೊಳಗಿನ ನೌಕೆಗಳನ್ನೆಲ್ಲ ಪಟ್ಟಿಮಾಡಿ ಕೊಡುತ್ತದೆ. ಅದರ ಕೋನವನ್ನು ಐದು ಅಂಶಗಳವರೆಗೆ ಕಿರಿದುಗೊಳಿಸಿ, ದೂರವನ್ನು ಹಂತಹಂತವಾಗಿ ಕುಗ್ಗಿಸಿ, ಇಂಥ ನೌಕೆ ಇಂಥ ಗ್ರಹದ ಬಳಿ ಇದೆಯೆಂದು ಕೈಲೆಕ್ಕದಲ್ಲಿಯೇ ಹೇಳಬಲ್ಲವನು ಹಿಂದೆ ಪ್ರವೀಣನೆನಿಸುತ್ತಿದ್ದನಂತೆ. ಈಗಿನ ಹುಡುಗರಿಗೆ ಅಷ್ಟು ತಾಳ್ಮೆಯಿಲ್ಲವೆಂದು, ಮೂವತ್ತೊಂದು ವರ್ಷದ ನನ್ನ ಸೋದರಳಿಯ ನಮ್ಮ ಅಜ್ಜನ ಧಾಟಿಯಲ್ಲಿ ನಿಟ್ಟುಸಿರುಬಿಟ್ಟ. ಪರದೆಯೂ ಅಜ್ಜನ ಕಾಲದ್ದೇ: ನಕ್ಷತ್ರಗಳ ಮೇಲೆಲ್ಲ ಅಂಕಣ ಅಂಕಣವಾಗಿ ಶಾನುಭೋಗರ ಖಿರ್ದಿಯನ್ನು ಹರಡಿದ ಹಾಗೆ. ಆಕಾಶವನ್ನು ನೋಡಬೇಕೆಂದು ಹೋದ ನನಗೆ ಇದೊಂದು ಕೊರತೆ ಕಡೆಯವರೆಗೂ ಉಳಿಯಿತು.

ಅವನ ನೌಕೆಯ ಹೆಸರು ಹೆರನ್, ಎಂದರೆ ಬಕ. ಅತ್ಯಗ್ಗದ ನೌಕೆ. ಹೆಚ್ಚು ಬೆಲೆಯದನ್ನು ತರಬಾರದೇ ಎಂದುದಕ್ಕೆ, “ಕಳಕೊಂಡರೆ ಅಳು ಬರೋವಂಥದ್ದನ್ನ ಇಲ್ಲಿಗೆ ತರಬಾರದು ಮಾವ,” ಎಂದ. ಹೆಸರು ಇವನದಾದರೂ ಬಕಧ್ಯಾನ ಮಾಡುವವರು ಬೇರೆ. ನಿಲ್ದಾಣದ ಎದುರಿನಲ್ಲಿಯೇ, ಹೊರಬಂದವನ ಮೇಲೆರಗಲು ಅವರು ಗಂಟೆಗಟ್ಟಲೆ ಕಾದಿರುತ್ತಾರೆ. ಅದಕ್ಕಾಗಿ ಇವನು ಹೊರಬಾಗಿಲಿನ ನೇರಕ್ಕೆ ಬಹುದೂರದಲ್ಲೊಂದು ಗುರುತನ್ನು ಮೊದಲೇ ಮಾಡಿಟ್ಟುಕೊಂಡಿದ್ದಾನೆ. ಬಾಗಿಲಿಂದ ಉಗುಳಲ್ಪಟ್ಟ ನೌಕೆಯ ಮುಖ ಆಗಲೇ ಅತ್ತ ಇರುವುದರಿಂದ ತಿರುಗುವ ಕಾಲ ಉಳಿದು, ಗುರಿಯಿಡುವವನು ಗುರಿಯಿಡುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ. ಹಾರುತ್ತಿರುವಾಗ ನಡುದಾರಿಯಲ್ಲಿ, ಯಾವ ಗ್ರಹದ ಬಳಿಯೂ ಅಲ್ಲದ ಶೂನ್ಯದಲ್ಲಿ, ಇನ್ನೊಂದು ಗುರುತು ಮಾಡಿಕೊಂಡ. ಅಪಾಯದಲ್ಲಿ ಅಡಗುವುದಕ್ಕೆ ಅದು ಅವನ ಅಟ್ಟ.

ಅಂದು ಅಟ್ಟ ಬೇಕಾಗಿಯೇ ಬಂದಿತು. ಸುರಂಗವೊಂದನ್ನು ಹಾದು ಆಚೆಯ ಮಂಡಲಕ್ಕೆ ಇಳಿದೊಡನೆ, ಓಡಲು ಬಿಡದೆ ಹಿಡಿಯುವ ಮಹಾಬುದ್ಬುದವೊಂದು ನಮ್ಮನ್ನು ಸುತ್ತುವರಿದಿತ್ತು. ಅದನ್ನು ಹರಡಿದ ಸೇಬರ್ ಎಂಬ ಬೇಟೆನೌಕೆ ಪಕ್ಕದಲ್ಲಿಯೇ ಸುಳಿಯುತ್ತಿತ್ತು. ನನ್ನ ಎದೆ ಹೊಡೆದುಕೊಂಡಿತೆಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಸುರಂಗ ದಾಟಿ ಬಂದವನು ಅಲುಗಾಡದಿದ್ದರೆ ಅರವತ್ತು ಸೆಕೆಂಡುಗಳ ಕಾಲ ಯಾರಿಗೂ ಕಾಣುವುದಿಲ್ಲವಷ್ಟೆ. ಆ ಒಂದು ನಿಮಿಷದಲ್ಲಿ ಬಹುಪಾಲು ಜನ ಗಾಬರಿಯಿಂದ ಓಡಲು ಯತ್ನಿಸಿ ಸಿಕ್ಕಿಬೀಳುತ್ತಾರಂತೆ. ಇವನು ಕೈಕಟ್ಟಿ ಕುಳಿತು, ಯೋಚಿಸಿ, ಬಂದ ಸುರಂಗದಲ್ಲಿಯೇ ಹಿಂದಕ್ಕೆ ಹಾರಿದ. ಸೇಬರ್ ಬೆನ್ನಟ್ಟಿ ಬರುವಷ್ಟರಲ್ಲಿ ನಾವು ಶೂನ್ಯದ ಅಟ್ಟ ಸೇರಿ, ಕ್ಲೋಕ್ ಎಂಬ ಅದೃಶ್ಯಕವಚ ಹೊದ್ದಾಗಿತ್ತು. ಅದೇ ಸುರಂಗವನ್ನು ಎರಡು ಬಾರಿ ದಾಟಿದ್ದರಿಂದ ಇನ್ನು ಕೆಲವು ನಿಮಿಷ ಅದು ನಮ್ಮನ್ನು ಒಳಗೆ ಬಿಡುವುದಿಲ್ಲವಂತೆ. ದಿಕ್‌ಶೋಧಕದ ಪಟ್ಟಿಯಲ್ಲಿ ಪ್ರೋಬ್‌ಗಳೆಂಬ ಶತ್ರುವಿನ ಶೋಧಯಂತ್ರಗಳು ಕಾಣಿಸಿಕೊಂಡವು. “ಹುಡುಕಲಿ ಬಿಡಿ, ಕ್ಲೋಕ್ ಹಾಕಿರೋವರೆಗೆ ಸಿಗಲ್ಲ. ಆದರೆ ಮಾವ, ಅವನೂ ಕ್ಲೋಕ್ ಹಾಕಿದರೆ ನನ್ನ ಪಟ್ಟೀಲಿ ಅವನೂ ಇರಲ್ಲ.”

ಇಂಥ ಸೀಮೆಯಲ್ಲಿ ಬೇಟೆಗಾರರಿಗಿಂತಲೂ ಕ್ರೂರವಾದ ಗತಿ ಮತ್ತೊಂದುಂಟು: ಹಿಂದೆ ಸುರಂಗ ಕುಸಿದು, ಹೊಸದನ್ನು ಹುಡುಕುವ ಪ್ರೋಬ್‌ಗಳೂ ಕೈತಪ್ಪಿ, ಹೊರದಾರಿಯಿಲ್ಲದೆ ಉಳಿಯುವುದು. ಅಂಥವನಿಗೆ ತನ್ನ ನೌಕೆಯನ್ನೂ ತನ್ನನ್ನೂ ತಾನೇ ಸ್ಫೋಟಿಸಿಕೊಂಡು, ದೂರದ ನಿಲ್ದಾಣದಲ್ಲಿ ಹೊಸ ದೇಹದೊಂದಿಗೆ ಎಚ್ಚರಗೊಳ್ಳುವುದೊಂದೇ ಮಾರ್ಗವಾಗಿತ್ತು. ಸಿಗ್ನಲ್ ಕಾರ್ಟೆಲ್ ಎಂಬ ಆಟಗಾರರ ಬಳಗ ಇದಕ್ಕೊಂದು ಉಪಾಯ ಹೂಡಿದೆ. ತಾವಾಗಿ ಯಾರ ಮೇಲೂ ಮೊದಲು ಕೈಯೆತ್ತುವುದಿಲ್ಲವೆಂಬುದು ಇವರ ವ್ರತ. ಸುರಂಗಲೋಕಗಳಲ್ಲಿ ಸುತ್ತುತ್ತ, ಅಲ್ಲಲ್ಲಿ ಬೀಗ ಹಾಕಿದ ಪೆಟ್ಟಿಗೆಗಳಲ್ಲಿ ಪ್ರೋಬ್‌ಗಳನ್ನೂ ಅವುಗಳನ್ನು ಹಾರಿಸುವ ಯಂತ್ರವನ್ನೂ ಇರಿಸಿ ಹೋಗುತ್ತಾರೆ. ಸಿಕ್ಕಿಬಿದ್ದವನು ಕೇಳಿಕೊಂಡರೆ ಸ್ಥಳವನ್ನೂ ಬೀಗದ ಗುಟ್ಟನ್ನೂ ತಿಳಿಸುತ್ತಾರೆ. ಬೇಸಗೆಯಲ್ಲಿ ದಾರಿಹೋಕರಿಗೆಂದು ಅರವಟ್ಟಿಗೆಯಿಟ್ಟು ನೀರುಮಜ್ಜಿಗೆ ಹೊಯ್ಯುತ್ತಿದ್ದ ನಮ್ಮ ಊರಿನವರು ಇದನ್ನು ಕೇಳಿದ್ದರೆ, ಆಕಾಶವೆಂದರೇನೆಂದು ವಿಚಾರಿಸದೆಯೇ ಒಪ್ಪಿಬಿಡುತ್ತಿದ್ದರು. ಥೇರಾದ ಅಂದಂದಿನ ಬಾಗಿಲುಗಳನ್ನು ಹುಡುಕಿ ಎಲ್ಲರಿಗೂ ಪ್ರಕಟಿಸುವ ಊಳಿಗವೂ ಇವರದೇ. ನನ್ನ ಸೋದರಳಿಯನ ಅಸಮಾಧಾನವಿರುವುದು ಇಲ್ಲಿ: ಪಟ್ಟಿ ಪುಕ್ಕಟೆ ಸಿಗುವುದರಿಂದ ಸುರಂಗವನ್ನು ಸ್ವತಃ ಹುಡುಕುವ ವಿದ್ಯೆ ನಶಿಸುತ್ತಿದೆ; ಬೇಟೆಗಾರರೂ ಅದೇ ಪಟ್ಟಿ ಓದಿ, ಅದೇ ಬಾಗಿಲಿನಲ್ಲಿ ಕಾದಿರುತ್ತಾರೆ.

ಸಿಗ್ನಲ್ ಕಾರ್ಟೆಲ್ ಬಳಗದವಳೇ ಆದ ಕಟಿಯಾ ಸೇ ಎಂಬ ಪಾತ್ರಧಾರಿ ಒಂಬತ್ತು ವರ್ಷಗಳಿಗೂ ಮಿಕ್ಕಿ ಅಲೆದು, 7,805 ಮಂಡಲಗಳನ್ನೂ ಸಂದರ್ಶಿಸಿ, 2019ರಲ್ಲಿ ಯಾತ್ರೆ ಮುಗಿಸಿದಾಗ ಒಂದೇ ಒಂದು ನೌಕೆಯನ್ನೂ ಕಳೆದುಕೊಂಡಿರಲಿಲ್ಲ. ಸೈಸಿಯೊ ಎಂಬ ಮಂಡಲದಲ್ಲಿ ಆಕೆಯ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಗೆದ್ದವರಿಗೆ ಪ್ರತಿಮೆ ಎಲ್ಲೆಲ್ಲಿಯೂ ಉಂಟು. ಸಿಕ್ಕಿಬೀಳದವಳಿಗೆ ನಿಲ್ಲಿಸಿದ್ದನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ನೋಡಬೇಕೆಂದೆ. “ಇವತ್ತಾಗಲ್ಲ ಮಾವ, ಇಲ್ಲಿಂದ ಮೊದಲು ಹೊರಗೆ ಹೋಗಬೇಕಲ್ಲ,” ಎಂದ.

ಅಡುಗೆಮನೆಯಿಂದ ಅಕ್ಕ ಊಟಕ್ಕೆ ಕರೆದಳು. ಎದ್ದು ಹೋಗುವಂತಿಲ್ಲ, ಆಟದಿಂದ ಸುರಕ್ಷಿತವಾಗಿ ನಿರ್ಗಮಿಸಬೇಕಾದರೆ ಕವಚವನ್ನು ಕಳಚಿ, ಬಯಲಿನಲ್ಲಿ ಮೂವತ್ತು ಸೆಕೆಂಡು ಸುಮ್ಮನೆ ನಿಲ್ಲಬೇಕಂತೆ. ಕಳಚಿದ. ಅಂಕೆಗಳು ಇಳಿಯತೊಡಗಿದವು, ಬೋಳು ಗುಂಡಿಯನ್ನು ಅವನ ಬೆರಳು ಒತ್ತುತ್ತಲೇ ಇತ್ತು. ಸಾರು ಆರಿಹೋಗುತ್ತದೆಂದು ಅಕ್ಕ ಎರಡನೆಯ ಸಲ ಕೂಗಿದಾಗ ಇನ್ನೂ ಹನ್ನೊಂದು ಬಾಕಿ ಇದ್ದವು.