ಬರೀ ಬಾಯಿ ಮುಕ್ಕಳಿಸಿದರೆ ಸಾಕೇ?

ಬಾಯಿ ವಾಸನೆಗೆ ಮುಕ್ಕಳಿಸುವ ಔಷಧಿ ಕೊಡಿ ಎಂದು ಅನೇಕರು ಕೇಳುತ್ತಾರೆ. ಅದೊಂದೇ ಸಾಕೆಂದು ನೀವೂ ನಂಬಿದ್ದರೆ, ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲ್ಯೂವೆನ್‌ಹಾಕ್ 1683ರಲ್ಲಿ ಬರೆದು ತಿಳಿಸಿದ ಪರೀಕ್ಷೆಯನ್ನು ಕೇಳಿ.

ಅವರ ಸೂಕ್ಷ್ಮದರ್ಶಕಕ್ಕೆ ಇಂದಿನಂತೆ ಕೊಳವೆ ಇರಲಿಲ್ಲ. ಎರಡು ಚಿಕ್ಕ ಲೋಹದ ತಗಡುಗಳ ನಡುವೆ ಮಣಿಯಷ್ಟು ಗಾಜಿನ ಮಸೂರ, ಎದುರಿಗೊಂದು ಸೂಜಿ. ಕಣ್ಣಿನ ಹತ್ತಿರ ಹಿಡಿದು ಬೆಳಕಿನತ್ತ ನೋಡಬೇಕು. ಉಟ್ರೆಕ್ಟ್ ವಸ್ತುಸಂಗ್ರಹಾಲಯದಲ್ಲಿರುವ ಒಂದು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ! ಲಂಡನ್ನಿನ ರಾಯಲ್ ಸೊಸೈಟಿಗೆ ಅವರು ಬಿಟ್ಟುಹೋದ 26 ಬೆಳ್ಳಿಯವು ಕಳೆದೇ ಹೋದವು. ಉಳಿದವು ತೀರಾ ಕಡಿಮೆ. 2009ರ ಹರಾಜಿನಲ್ಲಿ ಒಂದಕ್ಕೆ 3 ಲಕ್ಷ ಪೌಂಡಿಗೂ ಹೆಚ್ಚು ಬೆಲೆ ಬಂತು.

ಅವರು ದಿನವೂ ಉಪ್ಪಿನಿಂದ ಹಲ್ಲುಜ್ಜುತ್ತಿದ್ದರು. ಆದರೂ ಸಂದಿಯ ಬಿಳಿ ಕೊಳೆಯನ್ನು ಮಳೆನೀರಿನಲ್ಲಿ ಬೆರೆಸಿ ನೋಡಿದಾಗ ಜೀವಿಗಳು ಓಡಾಡುತ್ತಿದ್ದವು. ಎಂದೂ ಹಲ್ಲುಜ್ಜದ ಮುದುಕರೊಬ್ಬರ ಬಾಯಲ್ಲಿ ಇನ್ನೂ ಹೆಚ್ಚು. ಕಟುವಾದ ವಿನೆಗರ್‌ನಿಂದ ಮುಕ್ಕಳಿಸಿದರೂ ಅವು ಉಳಿದಿದ್ದವು. ಅದೇ ವಿನೆಗರನ್ನು ಕೊಳೆಗೆ ಬೆರೆಸಿದಾಗ ಸತ್ತವು. ಮುಕ್ಕಳಿಸಿದ್ದು ಹೊರಗಿನವನ್ನಷ್ಟೇ ಕೊಂದಿತು, ಕೊಳೆಯೊಳಗೆ ಇಳಿಯಲಿಲ್ಲ ಎಂದು ಅವರು ಅರ್ಥಮಾಡಿಕೊಂಡರು. (ನೀವು ವಿನೆಗರ್ ಬಳಸಬೇಡಿ, ಹಲ್ಲು ಸವೆಯುತ್ತದೆ.)

ಬ್ರಷ್ ಇರಲಿ, ಮಿಸ್ವಾಕ್ ಇರಲಿ, ಸಂದಿಯವರೆಗೆ ತಲುಪಿಸಿ ಉಜ್ಜಿ, ಮುಕ್ಕಳಿಸುವುದು ಆಮೇಲೆ.