ಆ ಬೀಜ ಎಸೆಯುವ ಮುನ್ನ...

ಸೇಬು ತಿಂದು ಅದರ ಬೀಜವನ್ನು ಮಣ್ಣಿಗೆ ಹಾಕಿದರೆ ಸೇಬಿನ ಗಿಡ ಬರುತ್ತದೆಯೇ? ನಮ್ಮ ಸಂಘದ ಮಕ್ಕಳು ಆಗಾಗ ಕೇಳುವ ಪ್ರಶ್ನೆ ಇದು. ದೆಹಲಿಯ ಫ್ಲ್ಯಾಟಿನ ಬಾಲ್ಕನಿ ತುಂಬ ಕುಂಡ ಇಟ್ಟುಕೊಂಡಿರುವ ಆಂಟಿ ಎಂದು ನನಗೆ ಹೆಸರು ಬಿದ್ದಿರುವುದರಿಂದ ಪ್ರಶ್ನೆ ನನ್ನ ಕಡೆಗೇ ಬರುತ್ತದೆ. ಉತ್ತರ ಸುಲಭ. ಗಿಡ ಖಂಡಿತ ಬರುತ್ತದೆ. ಆದರೆ ನೀವು ತಿಂದ ಸೇಬು ಮಾತ್ರ ಅದರಲ್ಲಿ ಬಿಡುವುದಿಲ್ಲ! ಬೇರೆ ಯಾವುದೋ ಸೇಬು ಬಿಡುತ್ತದೆ. ಅದು ಹೇಗೆ, ಮತ್ತು ಹಾಗಿದ್ದರೂ ಬೀಜ ಹಾಕಿ ಎಂದು ನಾನು ಏಕೆ ಹೇಳುತ್ತೇನೆ ಎಂಬುದೇ ಈ ಲೇಖನದ ವಿಷಯ.

ಮುಂದೆ ಹೋಗುವ ಮೊದಲು ಹೆಸರುಗಳ ಗೊಂದಲ ತೀರಿಸಿಕೊಳ್ಳೋಣ. ಹಿಂದಿಯ ಸೇಬ್ ಕನ್ನಡದಲ್ಲಿ ಸೇಬು. ಸೀಬೆ ಎಂದರೆ ಅಮರೂದ್. ಕೇಳಲು ಒಂದೇ ತರಹ, ಹಣ್ಣೇ ಬೇರೆ. ಇದೇ ಸೀಬೆಯನ್ನು ಉತ್ತರ ಕರ್ನಾಟಕದವರು ಪೇರಲ ಎನ್ನುತ್ತಾರೆ, ಕರಾವಳಿಯವರು ಪೇರಳೆ ಎನ್ನುತ್ತಾರೆ, ಮುಂಬಯಿ-ಪುಣೆಯಲ್ಲಿ ಬೆಳೆದವರಿಗೆ ಅದು ಮರಾಠಿಯ ಪೇರು. ಇಂಗ್ಲಿಷಿನ ಪೇರ್ ಇದ್ಯಾವುದೂ ಅಲ್ಲ; ಅದು ಹಿಂದಿಯ ನಾಶಪಾತಿ, ಕನ್ನಡದ ಮರಸೇಬು. ಊರಿಗೆ ಹೋದಾಗ ಅಜ್ಜಿಯ ಹತ್ತಿರ 'ಪೇರ್ ಬೇಕು' ಎಂದರೆ ಕೈಗೆ ಸೀಬೆಹಣ್ಣು ಬಂದೀತು, ಎಚ್ಚರ!

ಸೇಬು, ಮರಸೇಬು ಎರಡೂ ಒಂದೇ ಕುಟುಂಬದ ಮರಗಳು. ಎರಡರ ಹೂವೂ ಸಾಮಾನ್ಯವಾಗಿ ತನ್ನದೇ ಮರದ ಪರಾಗವನ್ನು ಒಪ್ಪುವುದಿಲ್ಲ. ಬೇರೊಂದು ತಳಿಯ ಮರದಿಂದ ಜೇನುನೊಣ ಪರಾಗ ಹೊತ್ತು ತಂದರೆ ಮಾತ್ರ ಕಾಯಿ ಚೆನ್ನಾಗಿ ಕಚ್ಚುತ್ತದೆ. ಅದಕ್ಕೇ ಹಿಮಾಚಲದ ತೋಟಗಳಲ್ಲಿ ಕೆಂಪು ಸೇಬಿನ ಮರಗಳ ನಡುವೆ ಅಲ್ಲೊಂದು ಇಲ್ಲೊಂದು ಹಳದಿ ಗೋಲ್ಡನ್ ಸೇಬಿನ ಮರ ನೆಡುತ್ತಾರೆ; ಹೂ ಬಿಡುವ ಕಾಲಕ್ಕೆ ಜೇನುಪೆಟ್ಟಿಗೆಗಳನ್ನು ಬಾಡಿಗೆಗೆ ತರಿಸುವವರೂ ಉಂಟು. ಹಣ್ಣಿನ ತಿರುಳು ಪೂರಾ ತಾಯಿಮರದ್ದು. ಒಳಗಿನ ಬೀಜ ಮಾತ್ರ ತಾಯಿ-ತಂದೆ ಇಬ್ಬರದು. ಒಂದೇ ಹಣ್ಣಿನಲ್ಲಿ ಎಂಟು ಬೀಜವಿದ್ದರೆ ಅವು ಎಂಟು ಮಂದಿ ಒಡಹುಟ್ಟಿದವರ ಹಾಗೆ. ಒಂದರ ಗುಣ ಒಂದಕ್ಕಿಲ್ಲ. ಒಂದು ಹುಳಿ, ಒಂದು ಒಗರು, ಒಂದರ ಕಾಯಿ ಗೋಲಿಯಷ್ಟೇ ಆದೀತು. ಎಲ್ಲೋ ಒಂದು ಅಮ್ಮನನ್ನೂ ಮೀರಿಸೀತು.

ಹಾಗಾದರೆ ಆಜಾದ್‌ಪುರ ಮಂಡಿಗೆ ಲಾರಿಗಟ್ಟಲೆ ಬರುವ ಸೇಬು ಎಲ್ಲ ಒಂದೇ ರುಚಿ ಹೇಗೆ? ಅವೆಲ್ಲ ಕಸಿ ಮರಗಳ ಹಣ್ಣು. ಒಳ್ಳೆಯ ಮರದ ಕಡ್ಡಿಯನ್ನು ಇನ್ನೊಂದು ಗಿಡದ ಬುಡಕ್ಕೆ ಕಟ್ಟಿ ಬೆಳೆಸುತ್ತಾರೆ. ಎಂದರೆ ಸಾವಿರಾರು ಮೈಲಿ ದೂರ ದೂರದ ತೋಟಗಳಲ್ಲಿರುವ ಮರಗಳೂ ನಿಜವಾಗಿ ಒಂದೇ ಮೂಲ ಮರದ ಕೊಂಬೆಗಳು. ನನ್ನ ತವರು ಶಿರಸಿಯ ಕಡೆ. ಅಲ್ಲಿ ಹೊಳೆಯ ದಂಡೆಯ ಅಪ್ಪೆಮಿಡಿ ಮರಗಳು ಬೀಜದಿಂದ ತಾವಾಗಿ ಹುಟ್ಟಿದವು. ಒಂದೊಂದು ಮರದ ಮಿಡಿಗೂ ಒಂದೊಂದು ಪರಿಮಳ, ಹೆಸರಾದ ಮರಕ್ಕೆ ಮನುಷ್ಯರದೇ ಹೆಸರು. 'ಅನಂತಭಟ್ಟನ ಅಪ್ಪೆ' ಎಂಬ ಉಪ್ಪಿನಕಾಯಿ ಮಿಡಿಯ ಹೆಸರು ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿದ್ದಾರು. ಈಗ ಅಂಥ ಮರಗಳಿಗೂ ಕಸಿ ಕಟ್ಟುತ್ತಾರೆ. ಸೇಬಿನ ಕಥೆಯೂ ಹೀಗೆಯೇ.

ನಮ್ಮ ಸಂಘದ ಹಿರಿಯರೊಬ್ಬರು ಯುಗಾದಿ ಕಾರ್ಯಕ್ರಮದಲ್ಲಿ ವರ್ಷವೂ, 'ಇಲ್ಲಿ ಹುಟ್ಟಿದ ಮಕ್ಕಳು ಮೂಲದವರ ಹಾಗಿಲ್ಲ' ಎಂದು ಕೊರಗುತ್ತಾರೆ. ಆಗೆಲ್ಲ ನನಗೆ ಈ ಬೀಜ ನೆನಪಾಗುತ್ತದೆ. ಮೂಲದಂತೆಯೇ ಬೇಕಿದ್ದರೆ ಕಸಿ ಕಟ್ಟಬೇಕಿತ್ತು, ರಾಯರೇ! ಇರಲಿ, ಇದು ತೋಟದ ಲೇಖನ.

ಈಗ ಸ್ವಲ್ಪ ಸ್ವಾರಸ್ಯದ ವಿಷಯ. ಜಗತ್ತಿನ ಹೆಸರಾಂತ ಸೇಬುಗಳಲ್ಲಿ ಹಲವು ಯಾವ ವಿಜ್ಞಾನಿಯೂ ಸೃಷ್ಟಿಸಿದವಲ್ಲ. ಯಾರೋ ಎಸೆದ ಇಲ್ಲವೇ ಆಟಕ್ಕೆ ನೆಟ್ಟ ಬೀಜದಿಂದ ಬಂದವು. ಮಾಲ್‌ಗಳಲ್ಲಿ ಸಿಗುವ ಹಸಿರು ಗ್ರ್ಯಾನಿ ಸ್ಮಿತ್ ಗೊತ್ತಲ್ಲ? ಆ ಅಜ್ಜಿ ನಿಜವಾಗಿಯೂ ಇದ್ದವಳು. ಹೆಸರು ಮರಿಯಾ ಆ್ಯನ್ ಸ್ಮಿತ್. ಆಸ್ಟ್ರೇಲಿಯಾದ ಸಿಡ್ನಿಯ ಹತ್ತಿರ ಆಕೆಯ ತೋಟದಲ್ಲಿ ತಾನಾಗಿ ಹುಟ್ಟಿದ ಗಿಡ 1868ರ ಹೊತ್ತಿಗೆ ಹಣ್ಣು ಬಿಟ್ಟಿತ್ತು. 1870ರಲ್ಲಿ ಅಜ್ಜಿ ತೀರಿಕೊಂಡಳು. ಹಣ್ಣು ಲೋಕಪ್ರಸಿದ್ಧವಾದದ್ದು ಆಮೇಲೆ. ಇಂಗ್ಲೆಂಡಿನಲ್ಲಿ ಸೌತ್‌ವೆಲ್ ಎಂಬ ಊರು. ಅಲ್ಲಿ 1809ರಲ್ಲಿ ಮೇರಿ ಆ್ಯನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ಸೇಬಿನ ಬೀಜ ಹಾಕಿದಳು. ಮರ ಬೆಳೆಯಿತು. ಹುಡುಗಿ ಮದುವೆಯಾಗಿ ಹೋದಳು. 1846ರಲ್ಲಿ ಆ ಮನೆಯನ್ನು ಬ್ರಾಮ್ಲಿ ಎಂಬ ಮಾಂಸದ ವ್ಯಾಪಾರಿ ಕೊಂಡ. ಹತ್ತು ವರ್ಷದ ಮೇಲೆ ನರ್ಸರಿಯ ಹುಡುಗನೊಬ್ಬ ಕಸಿಗೆ ಕಡ್ಡಿ ಕೇಳಿದಾಗ, ಹಣ್ಣಿಗೆ ತನ್ನ ಹೆಸರನ್ನೇ ಇಡಬೇಕು ಎಂದು ಷರತ್ತು ಹಾಕಿದ. ಇಂದಿಗೂ ಇಂಗ್ಲೆಂಡಿನ ಅಡಿಗೆಮನೆಯ ಸೇಬು ಎಂದರೆ ಬ್ರಾಮ್ಲಿ. ಬೀಜ ಹಾಕಿದವಳ ಹೆಸರು ಯಾರ ಬಾಯಲ್ಲೂ ಇಲ್ಲ! ಬಿ.ಎ. ತರಗತಿಯಲ್ಲಿ ಇಂಗ್ಲಿಷ್ ಸಾಹಿತ್ಯ ಓದುವಾಗ ಎಷ್ಟೋ ರಾಜರಾಣಿಯರ ಇಸವಿ ಬಾಯಿಪಾಠ ಮಾಡಿಸಿದರು. ಈ ಹುಡುಗಿಯ ವಿಷಯ ಯಾರೂ ಹೇಳಲಿಲ್ಲ.

ನಮ್ಮ ಹಿಮಾಚಲದ ಕೆಂಪು ಸೇಬಿನ ಮೂಲವೂ ಹೀಗೇ. ಅಮೆರಿಕದ ಅಯೋವಾ ರಾಜ್ಯದಲ್ಲಿ ಜೆಸ್ಸಿ ಹಯಟ್ ಎಂಬ ರೈತನ ತೋಟದಲ್ಲಿ ಸಾಲು ತಪ್ಪಿ ಒಂದು ಗಿಡ ಹುಟ್ಟಿತು. ಅವನು ಎರಡು ಸಲ ಕಡಿದರೂ ಮತ್ತೆ ಚಿಗುರಿತಂತೆ. ಬದುಕಬೇಕೆಂದಿದ್ದರೆ ಬದುಕಿಕೋ ಎಂದು ಬಿಟ್ಟನಂತೆ. ಅದೇ ಮುಂದೆ ರೆಡ್ ಡೆಲಿಷಸ್ ಆಯಿತು. 1904ರಲ್ಲಿ ಭಾರತಕ್ಕೆ ಸೇವೆಗೆಂದು ಬಂದ ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ಅಮೆರಿಕದ ಯುವಕ ಶಿಮ್ಲಾ ಬೆಟ್ಟಗಳ ಕೋಟಗಢದಲ್ಲಿ ನೆಲೆಸಿದರು. ಮುಂದೆ ಸತ್ಯಾನಂದ ಎಂಬ ಹೆಸರು ಪಡೆದರು. ಅವರು 1916ರಲ್ಲಿ ಅಮೆರಿಕದಿಂದ ರೆಡ್ ಡೆಲಿಷಸ್ ಗಿಡ ತರಿಸಿ ನೆಟ್ಟದ್ದರಿಂದಲೇ ಅಲ್ಲಿನ ರೈತರ ಬದುಕು ಬದಲಾಯಿತು.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇತ್ತೀಚಿನ, ನಮ್ಮದೇ ದೇಶದ ಕಥೆ. ಹಿಮಾಚಲದ ಬಿಲಾಸಪುರ ಜಿಲ್ಲೆಯ ಪನಿಯಾಲಾ ಗ್ರಾಮ ಸಮುದ್ರಮಟ್ಟದಿಂದ ಸುಮಾರು 1800 ಅಡಿ ಎತ್ತರದಲ್ಲಿದೆ. ಬೆಂಗಳೂರಿಗಿಂತಲೂ ತಗ್ಗು! ಸೇಬು ಬೆಳೆಯುವ ಜಾಗವೇ ಅಲ್ಲ. ಅಲ್ಲಿನ ರೈತ ಹರಿಮನ್ ಶರ್ಮಾ ಅವರು 1998ರಲ್ಲಿ ಮನೆಯವರಿಗೆ ತಿನ್ನಲು ಪೇಟೆಯಿಂದ ಸೇಬು ತಂದರು. ಬೀಜಗಳನ್ನು ಹಿತ್ತಲಿಗೆ ಎಸೆದರು. ಮರುವರ್ಷ ಒಂದು ಸಸಿ ಕಾಣಿಸಿತು. ಅವರು ಅದನ್ನು ಕೀಳಲಿಲ್ಲ. 2001ರಲ್ಲಿ ಹಣ್ಣು ಬಿಟ್ಟಿತು. ಆ ಗಿಡದ ಕಡ್ಡಿಗಳಿಂದ ಕಸಿ ಕಟ್ಟಿ ಬೆಳೆಸಿದ ತಳಿಯೇ ಇಂದು ಎಚ್‌ಆರ್‌ಎಂಎನ್-99 ಎಂದು ಹೆಸರಾಗಿದೆ. ಹೆಚ್ಚು ಚಳಿ ಬೇಡದ ಈ ಸೇಬನ್ನು ಕರ್ನಾಟಕವೂ ಸೇರಿ ಬಯಲುಸೀಮೆಯ ಹಲವು ರಾಜ್ಯಗಳಲ್ಲಿ ನೆಟ್ಟಿದ್ದಾರೆ. 2025ರಲ್ಲಿ ಸರಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಹಿತ್ತಲಿಗೆ ಬಿದ್ದ ಒಂದು ಬೀಜ ಮಾಡಿದ ಕೆಲಸ ನೋಡಿ.

ಇನ್ನು ಮಾಡುವ ವಿಧಾನ. ಚೆನ್ನಾಗಿ ಹಣ್ಣಾದ ಸೇಬು ಅಥವಾ ಮರಸೇಬಿನಿಂದ ಗಟ್ಟಿಯಾದ, ಕಂದು ಬಣ್ಣಕ್ಕೆ ತಿರುಗಿದ ಬೀಜಗಳನ್ನು ಆರಿಸಿ. ಬಿಳಿಯವು, ಜೊಳ್ಳಾದವು ಬೇಡ. ಅಂಟು ಹೋಗುವಂತೆ ತೊಳೆಯಿರಿ. ಈಗಲೇ ಮಣ್ಣಿಗೆ ಹಾಕಿದರೆ ಹೆಚ್ಚಿನವು ಮೊಳೆಯುವುದಿಲ್ಲ. ಏಕೆಂದರೆ ಇವು ಹಿಮದ ನಾಡಿನ ಬೀಜಗಳು. ಹಣ್ಣು ಉದುರಿದ ಕೂಡಲೇ ಮೊಳೆತರೆ ಎಳೆ ಸಸಿ ಹಿಮಕ್ಕೆ ಸಿಕ್ಕಿ ಸಾಯುತ್ತದೆ. ಆದ್ದರಿಂದ ಒಂದು ಚಳಿಗಾಲ ಕಳೆಯಿತು ಎಂದು ಖಾತ್ರಿಯಾಗುವ ತನಕ ಬೀಜ ನಿದ್ರೆ ಬಿಡುವುದಿಲ್ಲ. ಆ ಚಳಿಗಾಲವನ್ನು ನಾವು ಫ್ರಿಜ್ಜಿನಲ್ಲಿ ಕೊಡಬೇಕು. ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆಯಲ್ಲಿ ಬೀಜ ಸುತ್ತಿ, ಸಣ್ಣ ಡಬ್ಬಿಯಲ್ಲಿಟ್ಟು, ಕೆಳಗೆ ತರಕಾರಿ ಇಡುವ ಜಾಗದಲ್ಲಿ ಹತ್ತು-ಹನ್ನೆರಡು ವಾರ ಇಡಿ. ಮೇಲೆ ಐಸ್ ಕಟ್ಟುವ ಜಾಗದಲ್ಲಿ ಅಲ್ಲ. ಡಬ್ಬಿಯ ಮೇಲೆ ತಾರೀಖು ಬರೆದಿಡುವುದು ಕ್ಷೇಮ. ಇಲ್ಲವಾದರೆ ಮನೆಯವರು ಹಳಸಿದ ಚಟ್ನಿ ಎಂದು ಎಸೆದಾರು. ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ, ಬಟ್ಟೆ ಒಣಗಿದ್ದರೆ ನೀರು ಚಿಮುಕಿಸಿ, ಬೂಸಲು ಬಂದಿದ್ದರೆ ಬಟ್ಟೆ ಬದಲಿಸಿ. ತಿಂಗಳುಗಟ್ಟಲೆ ಕೋಲ್ಡ್ ಸ್ಟೋರೇಜಿನಲ್ಲಿದ್ದ ಸೇಬನ್ನು ಕೊಯ್ದಾಗ ಕೆಲವೊಮ್ಮೆ ಒಳಗೇ ಬೀಜ ಮೊಳೆತಿರುವುದನ್ನು ನೀವು ನೋಡಿರಬಹುದು. ಅದರ ಚಳಿಗಾಲ ಅಲ್ಲೇ ಮುಗಿದಿರುತ್ತದೆ, ಅಷ್ಟೆ. ಅಂಥದ್ದನ್ನು ನೇರವಾಗಿ ಕುಂಡಕ್ಕೆ ಹಾಕಬಹುದು.

ಬೀಜವನ್ನು ಅಗಿದು ತಿನ್ನಬೇಡಿ. ಅಗಿದರೆ ಸಯನೈಡ್ ವಿಷ ಹೊರಡುವ ವಸ್ತು ಅದರಲ್ಲಿದೆ. ಅಪ್ಪಿತಪ್ಪಿ ಒಂದೆರಡು ಇಡೀ ಬೀಜ ನುಂಗಿದರೆ ಹೆದರಬೇಕಾಗಿಲ್ಲ.

ನವೆಂಬರಿನಲ್ಲಿ ಫ್ರಿಜ್ಜಿಗೆ ಇಟ್ಟರೆ ಫೆಬ್ರವರಿಗೆ ಬಿಳಿ ಬೇರು ಇಣುಕುತ್ತದೆ. ಬೇರು ಕೆಳಮುಖವಾಗಿ, ಅರ್ಧ ಇಂಚು ಆಳಕ್ಕೆ ಹಾಕಿ. ಕುಂಡ ಆಳವಾಗಿರಲಿ, ತಳದಲ್ಲಿ ತೂತು ಇರಲಿ. ನೀರು ನಿಂತರೆ ಎಳೆ ಸಸಿ ಬುಡ ಕೊಳೆತು ಮಲಗಿಬಿಡುತ್ತದೆ. ದೆಹಲಿಯಲ್ಲಿ ದೊಡ್ಡ ಶತ್ರು ಮೇ-ಜೂನ್‌ನ ಲೂ ಗಾಳಿ. ಆ ಎರಡು ತಿಂಗಳು ಗಿಡವನ್ನು ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಇಡಬೇಕು. ಇನ್ನೊಂದು ಮಾತು. ಚಳಿಗಾಲದಲ್ಲಿ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿಯುತ್ತದೆ. ಸತ್ತಿತೆಂದು ಕಿತ್ತು ಎಸೆಯಬೇಡಿ! ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ.

ಹಣ್ಣು ಯಾವಾಗ? ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ಹರಿಮನ್ ಅವರಿಗೆ ಸಿಕ್ಕಂಥ ಅವಸರದ ಗಿಡ ಅಪರೂಪ. ಬೀಜದ ಸೇಬಿಗೆ ಸಾಮಾನ್ಯವಾಗಿ ಆರರಿಂದ ಹತ್ತು ವರ್ಷ, ಮರಸೇಬಿಗೆ ಇನ್ನೂ ಹೆಚ್ಚಾದರೂ ಆಶ್ಚರ್ಯವಿಲ್ಲ. ಅದೂ ನೆಲದಲ್ಲಿ ನೆಟ್ಟರೆ. ಜೊತೆಗೆ ಹೂ ಬಿಡಲು ಚಳಿ ಬೇಕು. ಬೆಟ್ಟದ ತಳಿಗಳು ಸಾವಿರ ಗಂಟೆಗೂ ಹೆಚ್ಚು ಹೊತ್ತು 7 ಡಿಗ್ರಿಗಿಂತ ಕೆಳಗಿನ ಚಳಿ ಕೇಳುತ್ತವೆ. ಪುಣೆಯ ಅಯುಕಾ ಸಂಸ್ಥೆಯ ಆವರಣದಲ್ಲಿ ನ್ಯೂಟನ್ನನ ಸೇಬಿನ ಮರದ ವಂಶದ ಗಿಡಗಳನ್ನೇ ನೆಟ್ಟಿದ್ದರು. ಅವು ಅಲ್ಲಿ ಬಾಳಲಿಲ್ಲ. ಮುಂಬಯಿ, ಚೆನ್ನೈಯ ಮಕ್ಕಳು ಗಿಡದ ಎಲೆ ನೋಡಿ ಸಂತೋಷಪಡಬಹುದು, ಹಣ್ಣಿನ ಆಸೆ ಬೇಡ. ದೆಹಲಿಯವರಿಗೆ ನನ್ನ ಸಲಹೆ ಮರಸೇಬು. ಗಟ್ಟಿ ಜಾತಿಯ ನಾಖ್ ಪಂಜಾಬಿನ ಬಯಲಿನಲ್ಲೇ ಬೆಳೆಯುತ್ತದೆ. ಅದರ ಬೀಜಕ್ಕೆ ಇಲ್ಲಿನ ಚಳಿ ಸಾಕಾದೀತು. ಕಾಯಲು ತಾಳ್ಮೆ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಬೀಜದ ಸೇಬಿನ ಸಸಿ ಪೆನ್ಸಿಲ್ ದಪ್ಪ ಆದಾಗ ಚಳಿಗಾಲದ ಕೊನೆಯಲ್ಲಿ ಅದಕ್ಕೆ ಎಚ್‌ಆರ್‌ಎಂಎನ್-99 ಅಥವಾ ಆ್ಯನಾ ತಳಿಯ ಕಡ್ಡಿ ಕಸಿ ಕಟ್ಟಿಸಿ. ಎರಡು-ಮೂರು ವರ್ಷದಲ್ಲಿ ಹಣ್ಣು. ಬುಡ ನಿಮ್ಮದು, ತಲೆ ಇನ್ನೊಬ್ಬರದು!

ನಾನು ಕಸಿ ಮಾಡಿಸಿಲ್ಲ. 2021ರ ಫೆಬ್ರವರಿಯಲ್ಲಿ ಹಾಕಿದ ಏಳು ನಾಖ್ ಬೀಜಗಳಲ್ಲಿ ನಾಲ್ಕು ಮೊಳೆತವು, ಎರಡು ಉಳಿದಿವೆ. ಒಂದು ನನ್ನ ಭುಜದ ಎತ್ತರ, ಇನ್ನೊಂದು ತಲೆ ಮೀರಿದೆ. ಎಳೆ ಮರಸೇಬಿಗೆ ಮುಳ್ಳಿರುತ್ತದೆ. ಸೀರೆ ಒಣಹಾಕುವಾಗ ಸೆರಗು ಸಿಕ್ಕಿಕೊಳ್ಳುತ್ತದೆಂದು ಬೈದುಕೊಳ್ಳುತ್ತಲೇ ನೀರು ಹಾಕುತ್ತೇನೆ. ಇನ್ನೂ ಒಂದು ಹೂವೂ ಬಿಟ್ಟಿಲ್ಲ. ಕುಂಡದಲ್ಲಿ ಬೇರಿಗೆ ಇನ್ನು ಜಾಗವಿಲ್ಲ, ನೆಲ ಬೇಕು. ಮುಂದಿನ ವರ್ಷ ನಮ್ಮವರ ನಿವೃತ್ತಿ. ಕ್ವಾರ್ಟರ್ಸ್ ಬಿಟ್ಟು ಶಿರಸಿಗೆ ಹೊರಡಬೇಕು. ಇವನ್ನು ರೈಲಿನಲ್ಲಿ ಒಯ್ದರೂ ಆ ಮಳೆಗೆ, ಆ ಸೆಕೆಗೆ ಹೂ ಬಿಡಲಾರವು. ಮಗಳು, 'ಇಲ್ಲೇ ಪಾರ್ಕಿನಲ್ಲಿ ನೆಟ್ಟುಬಿಡಮ್ಮ' ಎನ್ನುತ್ತಾಳೆ. ಪಾರ್ಕಿನ ಮಾಲಿ ಬೇಲಿಯ ಗಿಡವೆಂದು ಸವರಿಬಿಟ್ಟರೆ? ಮೇರಿ ಆ್ಯನ್ ಮರ ಬಿಟ್ಟು ಹೋದಳು ಎಂದು ಬರೆಯುವಾಗ ನನ್ನ ಕೈ ಸ್ವಲ್ಪ ತಡೆದದ್ದು ಇದಕ್ಕೇ.

ಹಣ್ಣು ಹೇಗಿರುತ್ತದೋ ಗೊತ್ತಿಲ್ಲ. ಒಗರಾದರೂ ಆಗಬಹುದು, ಅಪ್ಪೆಮಿಡಿಯ ಹಾಗೆ ಉಪ್ಪಿನಕಾಯಿಗೆ ಬಂದರೂ ಬರಬಹುದು. ಎರಡನ್ನೂ ಒಂದೇ ಕಡೆ ನೆಟ್ಟರೆ ಒಳ್ಳೆಯದು. ಜೋಡಿ ಇದ್ದರೆ ಕಾಯಿ ಕಚ್ಚುವ ಸಂಭವ ಹೆಚ್ಚು. ಗುಡಗಾಂವ್, ಫರೀದಾಬಾದ್, ನೋಯ್ಡಾ ಕಡೆ ಸ್ವಂತ ಅಂಗಳವಿರುವವರು, ಅಥವಾ ಡೆಹರಾಡೂನ್, ಚಂಡೀಗಢದ ಕಡೆ ನೌಕರಿಗೆ ಹೋಗಿ ನೆಲದ ಮನೆ ಹಿಡಿದ ಹುಡುಗ-ಹುಡುಗಿಯರು ಯಾರಾದರೂ ಇದ್ದರೆ ಸಂಘದ ಕಚೇರಿಯಲ್ಲಿ ಹೆಸರು ಕೊಡಿ. ಜನವರಿಯಲ್ಲಿ ಎಲೆ ಉದುರಿದ ಮೇಲೆ ಸಾಗಿಸುವುದು ಉತ್ತಮ. ಎರಡೂವರೆ ಅಡಿ ಗುಂಡಿ ತೋಡಿ, ಹಳೆಯ ಗೊಬ್ಬರ ತುಂಬಿಸಿ ಇಟ್ಟುಕೊಂಡೇ ಬನ್ನಿ. ಗಾಡಿ ನಿಮ್ಮದು, ಅವತ್ತಿನ ಊಟ ನಮ್ಮ ಮನೆಯಲ್ಲಿ. ಕುಂಡಗಳನ್ನು ಮಾತ್ರ ದಯವಿಟ್ಟು ಹಿಂದಿರುಗಿಸಿ.